ಸೋಂಪು ಕಳೆ, ನೀಲಗಿರಿ ಮನೆಮಗಳು

ಮಗಳ ಎರಡನೇ ಬಾಣಂತನಕ್ಕೆ ಅಂತ ಮೆಲ್ಬರ್ನ್‌ಗೆ ಹೋದವಳು ನಾನು. ಮೊದಲ ಎರಡು ತಿಂಗಳು ಎಣ್ಣೆ-ನೀರು, ಮೆಣಸಿನ ಸಾರು, ಮಗುವಿನ ಜೊತೆ ರಾತ್ರಿ ಜಾಗರಣೆ, ಇಷ್ಟರಲ್ಲೇ ಕಳೆಯಿತು. ಜುಲೈ ಹೊತ್ತಿಗೆ ಸ್ವಲ್ಪ ಬಿಡುವಾಯಿತು. ಅಲ್ಲಿ ಜುಲೈ ಅಂದ್ರೆ ಕೊರೆಯುವ ಚಳಿ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕಿಟಕಿ ಪಕ್ಕ ಬೇಜಾರಲ್ಲಿ ಕೂತಿದ್ದಾಗ ಅಳಿಯ ಕೇಳಿದರು, “ಅತ್ತೆ, ನಾಳೆ ಹಳ್ಳದ ದಂಡೇಲಿ ಗಿಡ ನೆಡೋಕೆ ಹೋಗ್ತಿದೀವಿ. ಬರ್ತೀರಾ?”

ಗಿಡ ನೆಡೋದು ನನಗೇನು ಹೊಸದೇ? ಕೋಲಾರ ಸೀಮೆಯ ರೈತರ ಮನೆ ಸೊಸೆ. ಡಬ್ಬಿಗೆ ಚಿತ್ರಾನ್ನ, ಕೋಡುಬಳೆ ತುಂಬಿಕೊಂಡು ಏಳು ವರ್ಷದ ಮೊಮ್ಮಗಳ ಕೈ ಹಿಡಿದು ಹೊರಟೆ.

ಅಲ್ಲಿ ಹೋದ ಮೇಲೆ ಮೊದಲು ಕೈಗೆ ಕೊಟ್ಟದ್ದು ಗಿಡವಲ್ಲ, ಗ್ಲೌಸು ಮತ್ತು ಒಂದು ಚೂಪು ಗುದ್ದಲಿ. “ಈ ಗಿಡಗಳನ್ನ ಬೇರು ಸಮೇತ ತೆಗೀಬೇಕು” ಅಂತ ಒಬ್ಬ ಹಿರಿಯಾಕೆ ತೋರಿಸಿದರು. ಬಗ್ಗಿ ಎಲೆ ಉಜ್ಜಿ ಮೂಸಿದೆ. ಸೋಂಪು! ಊಟ ಆದಮೇಲೆ ಬಾಯಿಗೆ ಹಾಕಿಕೊಳ್ಳುವ ನಮ್ಮ ಬಡೇಸೋಂಪು. ಹಳ್ಳದ ಉದ್ದಕ್ಕೂ ಸೊಂಟದೆತ್ತರ ಒಣಗಿದ ಕಡ್ಡಿ, ಬುಡದಲ್ಲಿ ಹಸಿರು ಚಿಗುರು. ಬೇರೋ, ಮೂಲಂಗಿ ಥರ ಆಳಕ್ಕೆ ಇಳಿದಿತ್ತು. ಕೀಳೋಕೆ ಮನಸ್ಸೇ ಬರಲಿಲ್ಲ.

ಹತ್ತು ಹೆಜ್ಜೆ ಆಚೆ ಇನ್ನೊಂದು ಗುಂಪು ಎಳೇ ಸಸಿಯೊಂದನ್ನು ಮಗುವಿನಂತೆ ಮಣ್ಣಿಗೆ ಇಳಿಸಿ, ಸುತ್ತ ಮೂರು ಕೋಲು ನೆಟ್ಟು, ಮೊಲ ತಿನ್ನದಂತೆ ಕವಚ ಹಾಕುತ್ತಿತ್ತು. ಯಾವ ಗಿಡ ಅಂತ ನೋಡಿದರೆ, ನೀಲಗಿರಿ.

ನಿಂತಲ್ಲೇ ನಿಂತೆ. ನಮ್ಮ ಕಡೆ ಬಾವಿ ಬತ್ತಿಸಿತು ಅಂತ ಬೈಸಿಕೊಳ್ಳುವ ಮರ ಇಲ್ಲಿ ಮನೆಮಗಳು. ನಮ್ಮ ಅಡುಗೆಮನೆಯ ಸೋಂಪು ಇಲ್ಲಿ ಕಳೆ. ಇದೇನಪ್ಪಾ ಉಲ್ಟಾ ಲೋಕ ಅನ್ನಿಸಿತು. ಮುಂದೆ ಎಂಟು ಭಾನುವಾರ ಆ ಹಳ್ಳಕ್ಕೆ ಹೋದೆ. ಅಲ್ಲಿ ಕಲಿತದ್ದನ್ನು ಊರಿಗೆ ಬಂದ ಮೇಲೂ ಮರೆಯೋಕೆ ಆಗಿಲ್ಲ. ಅದಕ್ಕೇ ಈ ಬರಹ.

ಕಲ್ಲು ಹಳ್ಳದ ಕಥೆ

ಹಳ್ಳದ ಹೆಸರು ಮೆರಿ ಕ್ರೀಕ್. ಮೆಲ್ಬರ್ನ್‌ನ ಉತ್ತರಕ್ಕೆ ವಾಲನ್ ಎಂಬ ಊರಿನ ಹತ್ತಿರ ಹುಟ್ಟಿ, ಸುಮಾರು 70 ಕಿಲೋಮೀಟರ್ ದಕ್ಷಿಣಕ್ಕೆ ಹರಿದು, ನಗರದೊಳಗೆ ಡೈಟ್ಸ್ ಫಾಲ್ಸ್ ಎಂಬಲ್ಲಿ ಯಾರಾ ನದಿ ಸೇರುತ್ತದೆ. ನಮ್ಮ ಮಗಳ ಮನೆ ಇರುವ ಕ್ರೇಗಿಬರ್ನ್ ಕೂಡ ಇದೇ ಹಳ್ಳದ ಸೀಮೆ. ಆ ಬಡಾವಣೆಗಳಲ್ಲಿ ಭಾರತದವರು ಬಹಳ. ಸಂಜೆ ವಾಕಿಂಗ್‌ಗೆ ಹೋದರೆ ಕನ್ನಡವೂ ಕಿವಿಗೆ ಬೀಳುತ್ತೆ.

ಈ ನೆಲದ ಮೂಲನಿವಾಸಿಗಳು ವುರುಂಡ್ಜೆರಿ ಜನ. ಅವರ ವೊಯಿವುರುಂಗ್ ಭಾಷೆಯಲ್ಲಿ ‘ಮೆರಿ ಮೆರಿ’ ಅಂದ್ರೆ ತುಂಬಾ ಕಲ್ಲು ಇರುವ ಜಾಗ. ಹೆಸರಿಗೆ ತಕ್ಕ ಹಾಗೇ ಹಳ್ಳದ ತುಂಬ ಕಪ್ಪು ಬಂಡೆ. ಪ್ರತಿ ಭಾನುವಾರ ಕೆಲಸ ಶುರು ಮಾಡುವ ಮೊದಲು ಎಲ್ಲರೂ ಒಂದು ನಿಮಿಷ ನಿಂತು ಈ ನೆಲದ ಮೂಲ ಒಡೆಯರನ್ನು ನೆನೆಯುತ್ತಾರೆ. ನನಗೆ ನಮ್ಮ ಭೂಮಿಪೂಜೆ ನೆನಪಾಯಿತು. ಆದರೆ ಈ ನೆನಪಿನ ಹಿಂದೆ ನೋವಿದೆ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಕಂಬಳಿ, ಚಾಕು, ಹಿಟ್ಟು ಕೊಟ್ಟು ಲಕ್ಷಾಂತರ ಎಕರೆ ಭೂಮಿಗೆ ಮೂಲನಿವಾಸಿಗಳ ಹತ್ತಿರ ಕರಾರು ಮಾಡಿಸಿಕೊಂಡ. ಅದು ನಡೆದದ್ದು ಈ ಮೆರಿ ದಂಡೆಯಲ್ಲೇ ಅನ್ನುವುದು ಹಲವು ಇತಿಹಾಸಕಾರರ ಅಭಿಪ್ರಾಯ. ಬ್ರಿಟಿಷ್ ಗವರ್ನರ್ ಆ ಕರಾರನ್ನು ರದ್ದು ಮಾಡಿದ. ಭೂಮಿ ಮಾತ್ರ ಅವರಿಗೆ ವಾಪಸ್ಸಾಗಲಿಲ್ಲ.

ಆಮೇಲೆ ಕುರಿ ಬಂದವು. ಮೂಲನಿವಾಸಿಗಳ ಮುಖ್ಯ ಆಹಾರ ಮರ್ನಾಂಗ್ ಎಂಬ ಗೆಡ್ಡೆ. ಹಳದಿ ಹೂವಿನ ಪುಟ್ಟ ಗಿಡ, ಗೆಡ್ಡೆ ಸುಟ್ಟು ತಿನ್ನುತ್ತಿದ್ದರು. ಕುರಿಗಳು ಅದನ್ನು ಬುಡಮಟ್ಟ ಮೇಯ್ದು ಮುಗಿಸಿದವು. ಮುಂದೆ ಕಲ್ಲು ಗಣಿ, ಇಟ್ಟಿಗೆ ಕಾರ್ಖಾನೆ. ಕೋಬರ್ಗ್‌ನ ಪ್ರಸಿದ್ಧ ಪೆಂಟ್ರಿಡ್ಜ್ ಜೈಲು ಕಟ್ಟಿದ್ದು ಈ ಸೀಮೆಯ ಕಲ್ಲಿನಿಂದಲೇ. ಕಲ್ಲು ತೆಗೆದ ಗುಂಡಿಗಳಿಗೆ ಊರಿನ ಕಸ ಬಂತು. 1969ರ ಮೆಲ್ಬರ್ನ್ ಸಾರಿಗೆ ಯೋಜನೆಯ ನಕ್ಷೆಯಲ್ಲಿ ಹಳ್ಳದ ಗುಂಟ ಫ್ರೀವೇ ಗೆರೆ ಕೂಡ ಇತ್ತು. ಅಂದ್ರೆ ಹಳ್ಳ ಅನ್ನೋದು ಊರಿನ ಬೆನ್ನು, ಯಾರೂ ತಿರುಗಿ ನೋಡದ ಜಾಗ. ನಮ್ಮ ರಾಜಕಾಲುವೆಗಳ ಪಾಡು ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಬದಲಾಯಿಸಿದ್ದು ಅಕ್ಕಪಕ್ಕದ ನಿವಾಸಿಗಳು. 1982ರಲ್ಲಿ ಬ್ರನ್ಸ್‌ವಿಕ್ ಈಸ್ಟ್‌ನ ಹಳೇ ಕಲ್ಲುಗಣಿ ಮತ್ತು ಕಸದ ಗುಂಡಿಯ ಮೇಲೆ ‘ಸೆರೀಸ್’ ಎಂಬ ಪರಿಸರ ಕೇಂದ್ರ ಶುರುವಾಯಿತು. ಈಗ ಅದು ತರಕಾರಿ ತೋಟ, ನರ್ಸರಿ, ಮಕ್ಕಳ ಕಲಿಕೆ ಎಲ್ಲ ಇರುವ ಹಸಿರು ಜಾಗ. ಹಳ್ಳ ಹರಿಯುವ ಪ್ರದೇಶದ ಸ್ಥಳೀಯ ಆಡಳಿತಗಳು, ನಾಗರಿಕ ಗುಂಪುಗಳು ಸೇರಿ 1989ರಲ್ಲಿ ಮೆರಿ ಕ್ರೀಕ್ ಮ್ಯಾನೇಜ್‌ಮೆಂಟ್ ಕಮಿಟಿ ಮಾಡಿಕೊಂಡರು. ‘ಫ್ರೆಂಡ್ಸ್ ಆಫ್ ಮೆರಿ ಕ್ರೀಕ್’ ಎಂಬ ಸ್ವಯಂಸೇವಕರ ಬಳಗವೂ ಇದೆ. ನಾಲ್ಕು ದಶಕದಿಂದ ಗಿಡ ನೆಡೋದು, ಕಳೆ ಕೀಳೋದು, ಪ್ಲಾಸ್ಟಿಕ್ ಹೆಕ್ಕೋದು ನಡೆದೇ ಇದೆ.

ಯಾವುದು ಮನೆಯದು, ಯಾವುದು ಹೊರಗಿನದು

ಮೊದಲ ದಿನವೇ ನಾನು ಹರಕು ಇಂಗ್ಲಿಷಲ್ಲಿ ಕೇಳಿಬಿಟ್ಟೆ, “ನೀಲಗಿರಿ ನೀರು ಕುಡಿಯುತ್ತಲ್ಲ, ಯಾಕೆ ನೆಡ್ತೀರಿ?” ಅಂತ. ಅಳಿಯನ ಸಹಾಯದಿಂದ ಆ ಹಿರಿಯಾಕೆ ತಿಳಿಸಿ ಹೇಳಿದರು.

ಅಲ್ಲಿ ನೆಡುವುದು ರಿವರ್ ರೆಡ್ ಗಮ್. ನೂರಾರು ಜಾತಿಯ ನೀಲಗಿರಿಗಳಲ್ಲಿ ಒಂದು, ಹೊಳೆದಂಡೆಯಲ್ಲೇ ಹುಟ್ಟಿ ಬೆಳೆಯುವಂಥದ್ದು. ಅದರ ಹೂವಿಗೆ ಬರುವ ಹಕ್ಕಿ, ಎಲೆ ತಿನ್ನುವ ಹುಳ, ಆ ಹುಳ ತಿನ್ನುವ ಇನ್ನೊಂದು ಹಕ್ಕಿ, ಪೊಟರೆಯಲ್ಲಿ ಮರಿ ಮಾಡುವ ಗಿಳಿ, ಪಾಸಮ್, ಬಾವಲಿ ಎಲ್ಲವೂ ಆ ಮರದ ಜೊತೆಗೇ ಬೆಳೆದು ಬಂದಿವೆ. ಒಂದು ಪೊಟರೆ ಆಗೋಕೆ ನೂರು ವರ್ಷವಾದರೂ ಬೇಕು. ಅಂದ್ರೆ ಅವತ್ತು ನಾವು ನೆಟ್ಟ ಸಸಿಯ ಪೊಟರೆಯಲ್ಲಿ ಗಿಳಿ ಗೂಡು ಮಾಡೋದನ್ನ ನನ್ನ ಮೊಮ್ಮಗಳೂ ನೋಡೋದಿಲ್ಲ.

ಅದೇ ನೀಲಗಿರಿ ನಮ್ಮಲ್ಲಿಗೆ ಬಂದಾಗ ಜೊತೆಗೆ ಹುಳವೂ ಬರಲಿಲ್ಲ, ಹಕ್ಕಿಯೂ ಬರಲಿಲ್ಲ. ಸಾಲಾಗಿ, ಒತ್ತಾಗಿ, ಎಕರೆಗಟ್ಟಲೆ ನೆಟ್ಟೆವು. ಹೊಳೆದಂಡೆ ಬಿಟ್ಟು ಒಣ ಹೊಲಕ್ಕೆ ಹಾಕಿದೆವು. ಕಪ್ಪು ವಾಟಲ್ ಎಂಬ ಅಕೇಶಿಯ ಮೆರಿ ದಂಡೆಯ ಸ್ವಂತ ಗಿಡ. ನೀಲಗಿರಿ ಬೆಟ್ಟದಲ್ಲಿ ಅದೇ ಗಿಡ ಹುಲ್ಲುಗಾವಲನ್ನು ನುಂಗಿದ ಕಳೆ. ಇನ್ನೂ ಸ್ವಾರಸ್ಯ ಕೇಳಿ. ಕೂಟಮುಂಡ್ರ ವಾಟಲ್ ಅಂತ ಒಂದಿದೆ. ಅಪ್ಪಟ ಆಸ್ಟ್ರೇಲಿಯಾದ್ದೇ, ಆದರೆ ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯದ್ದು. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ ಅದೂ ಕಳೆಯ ಪಟ್ಟಿಯಲ್ಲಿದೆ. ದೇಶ ಒಂದೇ ಆದರೆ ಸಾಲದು, ಆ ಹಳ್ಳದ್ದೇ ಆಗಬೇಕು. ಅದಕ್ಕೇ ಸ್ವಯಂಸೇವಕರು ಆ ಸೀಮೆಯಲ್ಲಿ ಉಳಿದಿರುವ ಹಳೇ ಗಿಡಗಳಿಂದ ಬೀಜ ಆರಿಸಿ ಸಸಿ ಮಾಡುತ್ತಾರೆ.

ಹಳ್ಳದ ದೊಡ್ಡ ಶತ್ರು ವಿಲೋ ಮರ. ನೋಡೋಕೆ ಬಲು ಚೆಂದ, ನೀರಿನ ಮೇಲೆ ಜಡೆ ಇಳಿಬಿಟ್ಟ ಹಾಗೆ. ದಂಡೆ ಕುಸಿಯಬಾರದು, ಚೆಂದವೂ ಕಾಣಲಿ ಅಂತ ಯುರೋಪಿನವರು ತಂದು ನೆಟ್ಟಿದ್ದು. ಗಮ್ ಮರ ವರ್ಷವಿಡೀ ಒಂದಿಷ್ಟು ಎಲೆ ಉದುರಿಸುತ್ತೆ. ವಿಲೋ ಹಾಗಲ್ಲ, ಚಳಿಗಾಲಕ್ಕೆ ಮುಂಚೆ ಒಂದೇ ಸಲ ಎಲ್ಲ ಎಲೆ ನೀರಿಗೆ ಸುರಿಯುತ್ತೆ. ಅದು ಕೊಳೆತು ನೀರಿನ ಆಮ್ಲಜನಕ ಖಾಲಿ. ಬೇರು ಹಳ್ಳದ ತಳಕ್ಕೇ ಹಬ್ಬಿ ಹರಿವು ಕಟ್ಟಿಕೊಳ್ಳುತ್ತೆ.

ವಾಪಸ್ ಬರುವಾಗ ಕಾರಲ್ಲಿ ಅಳಿಯ ನಗುತ್ತಾ ಅಂದರು, “ಹಾಗೆ ನೋಡಿದ್ರೆ ನಾವೂ ಹೊರಗಿನ ಗಿಡಗಳೇ ಅಲ್ವಾ ಅತ್ತೆ?” ಮಗಳು ತಟ್ಟನೆ ಸುಮ್ಮನಾದಳು. ತಮಾಷೆಯಾಗಿ ಹೇಳಿದ್ದೇ ಆದರೂ ಹೊರದೇಶದಲ್ಲಿ ಮನೆ ಮಾಡಿದವರಿಗೆ ಈ ಮಾತು ಎಲ್ಲೋ ಚುಚ್ಚುತ್ತೆ. ರಾತ್ರಿಯೆಲ್ಲ ಯೋಚಿಸಿದೆ. ನಾವು ದಿನಾ ಉಣ್ಣುವ ರಾಗಿಯೂ, ಸಾರಿಗೆ ಹಾಕುವ ಹುಣಸೆಯೂ ಎಂದೋ ಆಫ್ರಿಕಾದಿಂದ ಬಂದವಂತೆ. ಅವನ್ನು ಯಾರೂ ಕಳೆ ಅನ್ನಲ್ಲ. ಹೊರಗಿನಿಂದ ಬಂದದ್ದು ತಪ್ಪಲ್ಲ, ಬಂದ ಮೇಲೆ ಬೇರೆ ಯಾರಿಗೂ ಜಾಗ ಬಿಡದಿರೋದು ತಪ್ಪು. ಗಿಡಕ್ಕೆ ಜಾಗ ಬಿಟ್ಟುಕೊಡೋಕೆ ಬರಲ್ಲ, ಮನುಷ್ಯನಿಗೆ ಬರುತ್ತೆ. ಬೆಳಗ್ಗೆ ಕಾಫಿ ಕೊಡುವಾಗ ಇದನ್ನೇ ಹೇಳಿದೆ. “ಹಾಗಾದ್ರೆ ಮುಂದಿನ ಭಾನುವಾರವೂ ಹೋಗೋಣ” ಅಂದಳು ಮಗಳು.

ಹುಲ್ಲು ನೆಡೋದಾ?

ಮೂರನೇ ಭಾನುವಾರ ಟ್ರೇಗಟ್ಟಲೆ ಹುಲ್ಲಿನ ಸಸಿ ತಂದಿಟ್ಟರು. ನಮ್ಮ ಕಡೆ ಹುಲ್ಲು ಕಿತ್ತು ಸಸಿ ನೆಡ್ತೀವಿ, ಇವರು ಹುಲ್ಲನ್ನೇ ನೆಡ್ತಾರಲ್ಲ ಅಂತ ನಗು ಬಂತು.

ಅದು ಕ್ಯಾಂಗರೂ ಗ್ರಾಸ್. ಮೆಲ್ಬರ್ನ್‌ನ ಉತ್ತರ, ಪಶ್ಚಿಮಕ್ಕೆ ಹಿಂದೆ ಇದ್ದದ್ದು ಕಾಡಲ್ಲ, ಲಾವಾ ಕಲ್ಲಿನ ನೆಲದ ಮೇಲೆ ಹರಡಿದ್ದ ಹುಲ್ಲುಗಾವಲು. ಈಗ ಅದರಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಉಳಿದಿದೆ. ಹುಲ್ಲು ತಾನೇ ಅಂತ ಉತ್ತರು, ಮೇಯಿಸಿದರು, ಸೈಟು ಮಾಡಿದರು. ಉಳಿದ ತುಂಡುಗಳಲ್ಲಿ ಮರ ನೆಟ್ಟರೂ ಅನ್ಯಾಯವೇ. ಬಿಸಿಲು ಬೇಕಾದ ಹುಲ್ಲು, ಹೂವು ನೆರಳಲ್ಲಿ ಸಾಯುತ್ತವೆ. ಮೂಲನಿವಾಸಿಗಳು ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕಿ ಹುಲ್ಲುಗಾವಲನ್ನು ಆರೋಗ್ಯವಾಗಿಟ್ಟಿದ್ದರು. ಈಗ ಮೆರಿ ದಂಡೆಯ ಕೆಲವು ಕಡೆ ಎಚ್ಚರಿಕೆಯಿಂದ ಹಾಗೇ ಸುಡುತ್ತಾರೆ, ವುರುಂಡ್ಜೆರಿಯವರ ತಂಡವೂ ಅದರಲ್ಲಿ ಕೈಜೋಡಿಸಿದೆ.

ಕ್ಯಾಂಗರೂ ಗ್ರಾಸ್‌ನ ಸಸ್ಯಶಾಸ್ತ್ರದ ಹೆಸರು ಥೆಮೆಡಾ ಟ್ರೈಆಂಡ್ರಾ. ಇದೇ ಹುಲ್ಲು ಆಫ್ರಿಕಾದಲ್ಲೂ ಇದೆ, ನಮ್ಮ ಪಶ್ಚಿಮ ಘಟ್ಟದ ಬೋಳುಗುಡ್ಡಗಳಲ್ಲೂ ಸಹಜವಾಗಿ ಬೆಳೆಯುತ್ತೆ ಅಂತ ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ದೂರದ ಊರಲ್ಲಿ ತವರಿನ ನೆಂಟರು ಸಿಕ್ಕ ಹಾಗೆ. ನಮ್ಮ ಹೆಸರಘಟ್ಟದ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಿ ಅಂತ ಪರಿಸರಾಸಕ್ತರು ವರ್ಷಗಟ್ಟಲೆ ಯಾಕೆ ಹೋರಾಡಿದರು ಅನ್ನೋದೂ ಅವತ್ತೇ ಅರ್ಥವಾಯಿತು.

ಒಳ್ಳೆಯ ಜಾಗದಿಂದ ಕೆಟ್ಟ ಜಾಗದ ಕಡೆಗೆ

ನನ್ನದು ಸ್ವಲ್ಪ ಆತುರದ ಬುದ್ಧಿ. ಮುಳ್ಳು ಬ್ಲಾಕ್‌ಬೆರಿ ಪೊದೆ ದಟ್ಟವಾಗಿದ್ದ ಕಡೆ ಹೋಗಿ ಶುರು ಹಚ್ಚಿಕೊಂಡೆ. ತಡೆದರು. ಎಲ್ಲಿ ಊರ ಗಿಡಗಳು ಇನ್ನೂ ಚೆನ್ನಾಗಿವೆಯೋ ಅಲ್ಲಿಂದ ಶುರು ಮಾಡಬೇಕು, ಕಳೆ ಗಟ್ಟಿಯಾಗಿರುವ ಕಡೆಗೆ ಮೆಲ್ಲಗೆ ಸರಿಯಬೇಕು ಅಂದರು.

ಈ ಪದ್ಧತಿ ಕಂಡುಕೊಂಡದ್ದು ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು. 1960ರ ದಶಕದಲ್ಲಿ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ದಿನಾ ವಾಕಿಂಗ್ ಹೋಗುವಾಗ ಕೈಲಿ ಆದಷ್ಟು ಕಳೆ ಕಿತ್ತು ಕಿತ್ತು ಕಲಿತ ಪಾಠ. ಅವರದು ಮೂರೇ ಸೂತ್ರ. ಚೆನ್ನಾಗಿರುವ ಜಾಗದಿಂದ ಶುರು ಮಾಡು. ಮಣ್ಣನ್ನು ಆದಷ್ಟೂ ಕದಡಬೇಡ. ಊರ ಗಿಡ ತಾನಾಗಿ ಚಿಗುರಿ ಬರುವ ವೇಗಕ್ಕಿಂತ ಜೋರಾಗಿ ಕಳೆ ತೆಗೆಯಬೇಡ.

ಕಳೆ ಗಟ್ಟಿಯಿರುವ ಕಡೆ ಒಂದೇ ಸಲ ಬೋಳು ಮಾಡಿದರೆ ಆ ಖಾಲಿ ಮಣ್ಣಲ್ಲಿ ಮೊದಲು ಏಳೋದೂ ಕಳೆಯೇ. ಇನ್ನೊಂದು ವಿಷಯ, ಫೇರಿರೆನ್ ಎಂಬ ನೀಲಿ ಬಣ್ಣದ ಪುಟಾಣಿ ಹಕ್ಕಿ ಬ್ಲಾಕ್‌ಬೆರಿ ಮುಳ್ಳಲ್ಲೇ ಅವಿತುಕೊಳ್ಳುತ್ತೆ. ಪಕ್ಕದಲ್ಲಿ ಊರಿನ ಪೊದೆ ಬೆಳೆಯುವ ತನಕ ಆ ಮುಳ್ಳೇ ಅದಕ್ಕೆ ಮನೆ. ಹಾಗಾಗಿ ಇವತ್ತು ಒಂದಿಷ್ಟು, ಮುಂದಿನ ವರ್ಷ ಒಂದಿಷ್ಟು. ವಿಲೋ ಕಡಿದರೂ ಬುಡ, ಬೇರು ಅಲ್ಲೇ ಬಿಡುತ್ತಾರೆ. ಮತ್ತೆ ಚಿಗುರದಂತೆ ತರಬೇತಿ ಪಡೆದವರು ಬುಡಕ್ಕೆ ಔಷಧಿ ಹಚ್ಚುತ್ತಾರೆ. ಹೊಸ ಗಿಡದ ಬೇರು ಗಟ್ಟಿಯಾಗುವವರೆಗೆ ಸತ್ತ ಬೇರೇ ದಂಡೆ ಹಿಡಿದಿರುತ್ತೆ.

ಹನ್ನೊಂದು ಗಂಟೆಗೆ ಟೀ. ನನ್ನ ಕೋಡುಬಳೆ ಐದು ನಿಮಿಷದಲ್ಲಿ ಖಾಲಿ. ಅಲ್ಲಿ ಬರುತ್ತಿದ್ದವರಲ್ಲಿ ನಿವೃತ್ತರು, ಕಾಲೇಜು ಹುಡುಗರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ ಎಲ್ಲ ಇದ್ದರು. ಕೆಲಸ ಚೆಂದವೇ ಆಗಿರುತ್ತೆ ಅಂತ ತಿಳಿಯಬೇಡಿ. ರಸ್ತೆಯ ಮಳೆನೀರೆಲ್ಲ ಚರಂಡಿ ಮೂಲಕ ನೇರ ಹಳ್ಳಕ್ಕೇ ಬರುತ್ತೆ. ಒಂದು ಜೋರು ಮಳೆಯಾದ ಮರುದಿನ ಹೋದರೆ ನಾವು ನೆಟ್ಟ ಒಂದು ಸಾಲು ಸಸಿ ಕವಚದ ಸಮೇತ ಕೊಚ್ಚಿಹೋಗಿತ್ತು, ಕೊಂಬೆಗಳಲ್ಲಿ ಪ್ಲಾಸ್ಟಿಕ್ ಚೀಲ ನೇತಾಡುತ್ತಿದ್ದವು. ಮೊಮ್ಮಗಳು ಅತ್ತೇಬಿಟ್ಟಳು. ಹಿರಿಯಾಕೆ ಅವಳ ಕೈಗೆ ಇನ್ನೊಂದು ಸಸಿ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತು ಗುಂಡಿ ತೋಡಿದರು.

ಮಿಂಚುಳ್ಳಿ ಬಂತು

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂತ ಕೇಳಬಹುದು. ಒಂದು ಹಕ್ಕಿ ಸಿಕ್ಕಿದೆ. ಸೇಕ್ರೆಡ್ ಕಿಂಗ್‌ಫಿಶರ್ ಎಂಬ ಮಿಂಚುಳ್ಳಿ ಪ್ರತಿ ವಸಂತದಲ್ಲಿ ಉತ್ತರದಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು ಇಲ್ಲಿ ಮರಿ ಮಾಡುತ್ತಿತ್ತು. ಹಳ್ಳ ಕೆಟ್ಟ ಮೇಲೆ ನಗರದೊಳಗಿನ ದಂಡೆಗೆ ಬರೋದನ್ನೇ ಬಿಟ್ಟಿತ್ತು. ಗಿಡ ಬೆಳೆದು, ಹುಳಹುಪ್ಪಟೆ, ಹಲ್ಲಿ ಹೆಚ್ಚಿದ ಮೇಲೆ ಮತ್ತೆ ಕಾಣಿಸಿಕೊಂಡಿತು. ಆ ಸಂತೋಷಕ್ಕೆ ಸೆರೀಸ್‌ನಲ್ಲಿ 1994ರಲ್ಲಿ ‘ಮಿಂಚುಳ್ಳಿ ಮರಳಿ ಬಂದ ಹಬ್ಬ’ ಅಂತಲೇ ಶುರು ಮಾಡಿದರು.

ನಾನು ಆ ಹಕ್ಕಿಯನ್ನು ನೋಡಲಿಲ್ಲ. ಅದು ಬರುವ ಹೊತ್ತಿಗೆ ನನ್ನ ವೀಸಾ ಮುಗಿಯುತ್ತಾ ಬಂದಿತ್ತು. ಆದರೆ ಆಗಸ್ಟಿನಲ್ಲಿ ಬೆಳ್ಳಿ ವಾಟಲ್ ಹೂ ಬಿಟ್ಟು ದಂಡೆಯೆಲ್ಲ ಅರಿಶಿನ ಚೆಲ್ಲಿದ ಹಾಗಾಗಿದ್ದನ್ನು ನೋಡಿದೆ.

ನಮ್ಮೂರ ಹಳ್ಳ

ಈಗ ನನ್ನ ಮನೆಯ ಮಾತು. 1984ರಲ್ಲಿ ನಮ್ಮ ಮಾವನವರು ಹಳ್ಳದ ಮೇಲಿನ ಮೂರು ಎಕರೆ ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ಆಗ ಊರೂರೇ ಹಾಕುತ್ತಿತ್ತು. ಸಾಮಾಜಿಕ ಅರಣ್ಯ ಅಂತ ಸಸಿಯೂ ಸುಲಭವಾಗಿ ಸಿಗುತ್ತಿತ್ತು. ಅದರ ಹಿಂದಿನ ವರ್ಷವೇ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದ್ದರು. ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಮರ ನಮಗೆ ಅನ್ನ ಹಾಕಿದೆ. ಮೊದಲ ಕಟಾವಿನ ದುಡ್ಡಲ್ಲಿ ನಾದಿನಿ ಮದುವೆ, ಎರಡನೆಯದರಲ್ಲಿ ಮಗಳ ಕಾಲೇಜು. ಆಸ್ಟ್ರೇಲಿಯಾಕ್ಕೆ ಹೋದ ಆ ಮಗಳು ಓದಿದ್ದು ಆಸ್ಟ್ರೇಲಿಯಾದ ಮರ ಮಾರಿ. ಹೊಲದ ಕೆಳಗಿನ ಬಾವಿ ಬತ್ತಿತು. ಹಳ್ಳದಲ್ಲಿ ದೀಪಾವಳಿ ತನಕ ಇರುತ್ತಿದ್ದ ನೀರು ದಸರಾಕ್ಕೇ ನಿಂತಿತು. ಎಲ್ಲಾ ನೀಲಗಿರಿಯ ತಪ್ಪು ಅನ್ನಲಾರೆ, ಊರ ತುಂಬ ಬೋರ್‌ವೆಲ್ ಕೊರೆಸಿದವರೂ ನಾವೇ. ಆದರೆ ಹೊಸಕೋಟೆ ಕಡೆ 1990ರ ದಶಕದಲ್ಲಿ ನಡೆದ ಅಧ್ಯಯನ, ಎಳೆಯ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಆಳದಿಂದ ಎಳೆದುಕೊಂಡಿದ್ದನ್ನು ತೋರಿಸಿದೆ. 2017ರಲ್ಲಿ ರಾಜ್ಯ ಸರ್ಕಾರವೂ ಹೊಸದಾಗಿ ನೀಲಗಿರಿ ಬೆಳೆಸೋದನ್ನು ನಿಷೇಧಿಸಿತು.

ಊರಿಗೆ ಬಂದ ಮೇಲೆ ಮನೆಯವರು, “ಜೆಸಿಬಿ ತರಿಸಿ ಒಂದೇ ದಿನದಲ್ಲಿ ಬುಡ ಎಲ್ಲಾ ಕೀಳಿಸಿಬಿಡೋಣ” ಅಂದರು. ಬೇಡ ಅಂದೆ. ಹಳ್ಳದ ದಂಡೆ ಇಳಿಜಾರು, ಒಂದು ಮಳೆಗೆ ಮಣ್ಣೆಲ್ಲ ಕೆರೆಗೆ. ಇಬ್ಬರಿಗೂ ಒಂದು ವಾರ ಮಾತಿಲ್ಲ. ಕೊನೆಗೆ ನಾನೇ ಕರಕೊಂಡು ಹೋಗಿ ತೋರಿಸಿದೆ. ದಂಡೆಯ ಒಂದು ಮೂಲೆಯಲ್ಲಿ ಹಳೇ ಹೊಂಗೆ ಮರ, ಪಕ್ಕದಲ್ಲಿ ಲಕ್ಕಿ ಪೊದೆ, ಒಂದು ಅತ್ತಿ. ಅಷ್ಟೇ ಉಳಿದಿರೋದು. ಅಲ್ಲಿಂದ ಶುರು ಮಾಡಿದೆವು. ಆ ಹೊಂಗೆಯ ಸುತ್ತ ಎರಡು ಸಾಲು ನೀಲಗಿರಿ ಬುಡಗಳ ಚಿಗುರನ್ನು ತಿಂಗಳಿಗೊಮ್ಮೆ ಸವರುತ್ತಿದ್ದೇವೆ. ಹೊಂಗೆ ಬೀಜ ಬಿದ್ದು ತಾನಾಗಿ ಎದ್ದ ಸಸಿಗಳಿಗೆ ಮುಳ್ಳು ಕಟ್ಟಿದ್ದೇವೆ. ಪಕ್ಕದೂರಿನಿಂದ ನೇರಳೆ, ಹೊಳೆಮತ್ತಿ ಬೀಜ ತಂದು ಊರಿದ್ದೇವೆ. ಅರ್ಧ ಮೇಕೆ ತಿಂದವು. ಹಳ್ಳದಲ್ಲಿ ಈ ವರ್ಷವೂ ದಸರಾಕ್ಕೇ ನೀರು ನಿಂತಿತು. ಮಿಂಚುಳ್ಳಿ ಬಂತು ಅಂತ ಬರೆಯೋ ಆಸೆಯಿದೆ, ಇನ್ನೂ ಬಂದಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳು ಮೆರಿ ಹಳ್ಳದ ಗಿಡ ತೋರಿಸ್ತಾಳೆ, ನಾನು ಹೊಂಗೆ ಸಸಿ ತೋರಿಸ್ತೀನಿ. “ಅಜ್ಜಿ, ನಿಂದು ಎಷ್ಟು ಎಲೆ?” ಅಂತ ಕೇಳ್ತಾಳೆ. ಮೊನ್ನೆ ಎಣಿಸಿದೆ, ಹನ್ನೊಂದು.

ನೀವೂ ಶುರು ಮಾಡುವುದಾದರೆ

• ಊರ ಹಳ್ಳ, ರಾಜಕಾಲುವೆ ಸಾಮಾನ್ಯವಾಗಿ ಸರ್ಕಾರಿ ಜಾಗ. ಪಂಚಾಯ್ತಿ ಅಥವಾ ನಗರಸಭೆಗೆ ಮೊದಲು ತಿಳಿಸಿ.

• ಒಂದು ಮಳೆಗಾಲ ಸುಮ್ಮನೆ ನೋಡಿ. ನೀರು ಎಲ್ಲಿತನಕ ಏರುತ್ತೆ, ಯಾವ ಊರ ಗಿಡ ಇನ್ನೂ ಉಳಿದಿದೆ ಗುರುತು ಹಾಕಿಕೊಳ್ಳಿ. ಹಿರಿಯರನ್ನು ಕೇಳಿದರೆ ಮೊದಲು ಏನಿತ್ತು ಅನ್ನೋದೂ ಗೊತ್ತಾಗುತ್ತೆ.

• ಉಳಿದಿರುವ ಒಳ್ಳೆಯ ಜಾಗದಿಂದ ಶುರು ಮಾಡಿ. ಲಂಟಾನ, ಬಳ್ಳಾರಿ ಜಾಲಿಯನ್ನು ಒಂದೇ ಸಲ ಬೋಳಿಸಬೇಡಿ. ಹಕ್ಕಿ ಗೂಡು ಇದೆಯಾ ನೋಡಿಕೊಳ್ಳಿ.

• ಅಂದದ ಗಿಡಕ್ಕಿಂತ ಊರ ಬೀಜ ಮೇಲು. ಹುಲ್ಲು, ಪೊದೆಯನ್ನೂ ಮರೆಯಬೇಡಿ.

• ನೆಟ್ಟ ಫೋಟೋ ತೆಗೆಯೋದು ಒಂದು ದಿನದ ಕೆಲಸ. ಮುಂದಿನ ಎರಡು ವರ್ಷ ಕಳೆ ತೆಗೆದು ಕಾಯೋದೇ ನಿಜವಾದ ಕೆಲಸ.

ನಿಮ್ಮೂರ ಹಳ್ಳದ ದಂಡೆಯಲ್ಲಿ ಹಿಂದೆ ಏನೇನು ಬೆಳೆಯುತ್ತಿತ್ತು? ಈಗೇನಿದೆ? ಓದುಗರ ಅಂಕಣಕ್ಕೆ ಬರೆದು ತಿಳಿಸಿ. ಹೊಳೆಮತ್ತಿ ಸಸಿಯನ್ನು ಮೇಕೆಯಿಂದ ಉಳಿಸುವ ಉಪಾಯ ಗೊತ್ತಿದ್ದವರು ದಯವಿಟ್ಟು ಮೊದಲು ಬರೆಯಿರಿ.